ವಾಪಸ್ ಬತ್ತೀಯ ಅನ್ನಕ್ಕ ಏನವ್ವ ಸಾಕ್ಷಿ?

ಮಗಳು ಇಂಗ್ಲೆಂಡಲ್ಲಿ ಎಂಎಸ್ಸಿ ಮುಗಿಸವ್ಳ. ಜುಲೈನಲ್ಲಿ ಘಟಿಕೋತ್ಸವ, ನೀ ಬಂದು ನೋಡ್ಲೇಬೇಕು ಕನವ್ವ ಅಂತ ಒಂದೇ ಸಮ ಕರೀತಾವ್ಳ. ದನ ಬುಟ್ಟು ಇಬ್ರೂ ಹೋಗಕ್ಕಾಗಲ್ಲ, ಅದಕ್ಕ ನಾನೊಬ್ಳೇ ಹೋಗದು ಅಂತಾಯ್ತು.

ವೀಸಾ ಅರ್ಜಿ ತುಂಬಿದ್ದು ಬೆಂಗಳೂರಲ್ಲಿರೋ ತಮ್ಮನ ಮಗ. ಅವನು ಫೋನಲ್ಲಿ ಕೇಳದು, ನಾ ಸಿಗ್ನಲ್ಲಿಗ ಅಂತ ತಾರಸಿ ಮ್ಯಾಲ ನಿಂತು ಹೇಳದು. ಕೆಲಸ ಏನು? ವರಮಾನ ಎಷ್ಟು? ಉಳಿತಾಯ ಎಷ್ಟು? ನಾ ಅಂದೆ, ನಾಲ್ಕು ಗಂಟೆಗ ಎದ್ದು ಹಾಲು ಕರೀತೀನಿ, ಆಳುಗಳಿಗ ಬುತ್ತಿ ಕಟ್ತೀನಿ, ಅತ್ತೆಗ ಔಷಧಿ ಕೊಡ್ತೀನಿ. "ಅತ್ತೆ, ಅದ ಬರಿಯಕ್ಕ ಇಲ್ಲಿ ಜಾಗ ಇಲ್ಲ" ಅಂದ.

ಆಮೇಲ ಕಾಗದ ಹುಡುಕಕ್ಕ ಕೂತೆ. ಜಮೀನಿನ ಪಹಣಿ ಇವರ ಹೆಸರಲ್ಲದ. ಮನೆ ಇನ್ನೂ ಮಾವನ ಹೆಸರಲ್ಲದ, ಅವರು ತೀರಿ ಎಷ್ಟು ವರ್ಷ ಆಯ್ತು! ಹಾಲು ಕರಿಯೋಳು ನಾನು, ಡೈರಿ ಪುಸ್ತಕ ಇವರದು. ನನ್ನ ಪಾಸ್‌ಬುಕ್ಕಲ್ಲಿ ಇರದು ಗೃಹಲಕ್ಷ್ಮಿ 2,000, ಮತ್ತ 2,000, ಮತ್ತ 2,000. ತವರಿನ ಪಾಲು ಬ್ಯಾಡ ಅಂತ ತಮ್ಮನಿಗ ಸೈನ್ ಹಾಕ್ಕೊಟ್ಟು ಬಂದೋಳು ನಾನೇ. ಈಗ ಟಿಕೆಟ್ ದುಡ್ಡು ಅವನೇ ಕೊಡ್ತಾವ್ನ, ಅದೂ ನಿಜ. ಆದ್ರೂ ಸೈನ್ ಹಾಕಿದ್ದಕ್ಕ ಬೇಜಾರಿಲ್ಲ ಅಂದ್ರ ಸುಳ್ಳಾಯ್ತದ.

ಅಲ್ಲಿಗ ನೋಡಕ್ಕ ಹೋಗೋರಿಗ ಸಾಮಾನ್ಯವಾಗಿ 6 ತಿಂಗಳವರೆಗ ಇರಕ್ಕ ಬುಡ್ತಾರ. ಆದ್ರ ಮುಗಿದ ಮ್ಯಾಲ ವಾಪಸ್ ಬತ್ತೀವಿ ಅಂತ ಅವರಿಗ ನಂಬಿಕೆ ಬರಬೇಕು. ಅಮೆರಿಕದ ಕಾನೂನು ಇನ್ನೂ ಬಿಗಿ. ಬರೋರೆಲ್ಲ ಅಲ್ಲೇ ಉಳಿಯೋರು ಅಂತಲೇ ಅಂದ್ಕತದ, ಅಲ್ಲ ಅಂತ ನಾವೇ ತೋರಿಸಬೇಕು. ಇಂಗ್ಲೆಂಡಿನವರು ಹೆಚ್ಚಾಗಿ ಕರೆದು ಕೇಳದೂ ಇಲ್ಲ, ಕಾಗದ ನೋಡೇ ತೀರ್ಮಾನ. ಫೀಜು 2025ರ ಏಪ್ರಿಲ್‌ನಲ್ಲಿ 127 ಪೌಂಡು ಆಗಿತ್ತು, ನಮ್ಮ ದುಡ್ಡಲ್ಲಿ ಹದಿನಾಲ್ಕು ಸಾವಿರದ ಮ್ಯಾಲ. ವೀಸಾ ಆಗ್ಲಿಲ್ಲ ಅಂದ್ರೂ ಅದು ವಾಪಸ್ ಬರಲ್ಲ.

ಮದುವೆಯಾಗಿ 30 ವರ್ಷದಲ್ಲಿ ನಾ ಒಂದೇ ಸಲಕ್ಕ ಮೂರು ರಾತ್ರಿ ಆಚೆ ಮಲಗಿದ್ದು ಕಮ್ಮಿ. ನಾ ವಾಪಸ್ ಬತ್ತೀನಿ ಅಂತ ನಮ್ಮ ಹಸೀಗೂ ಗೊತ್ತು. ಕಾಗದದಲ್ಲಿ ಮಾತ್ರ ನಂಗೂ ಈ ಮನೆಗೂ ಏನೂ ಸಂಬಂಧ ಇಲ್ದಂಗ ಅದ. ಅವರ ತಪ್ಪು ಅನ್ನಕ್ಕಾಗಲ್ಲ, ಅವರೇನು ನನ್ನ ಕಂಡವ್ರಾ?

ನಮ್ಮ ಗೋಪಿನಾಥದೋರಿಗ ಎಲ್ಲಿಗ, ಯಾರ ಮನೆಗ, ಯಾವತ್ತು ವಾಪಸ್ ಅಂತ ಹೇಳದು ಹೊಸದಲ್ಲ. ವೀರಪ್ಪನ್ ಕಾಲದಲ್ಲಿ, ಅಂದ್ರ 2004ರವರೆಗೂ, ಬಸ್ಸಿಳಿದು ಹೇಳಿದ್ದೇ ಹೇಳಿದ್ದು. ಇಂಥೋರ ಹೆಂಡ್ತಿ ಅಂದ್ರ ಬುಡೋರು, ಕೆಲವು ದಿನ ಅದೂ ಸಾಕಾಗ್ತಿರಲಿಲ್ಲ. ಈಗ ಹೆಂಡ್ತಿ ಅನ್ನಕ್ಕೂ ಸರ್ಟಿಫಿಕೇಟು ಬೇಕು ಅಂದ ಹುಡುಗ. ಅದಕ್ಕ ಈ ವಯಸ್ಸಲ್ಲಿ ಇಬ್ರೂ ಹೋಗಿ ಮದುವೆ ನೋಂದಣಿ ಮಾಡಿಸ್ಕಂಡು ಬಂದ್ವಿ. ಅಲ್ಲಿದ್ದ ಹೊಸ ಜೋಡಿ ನಮ್ಮ ನೋಡಿ ನಕ್ಕಿದ್ದೇ ನಕ್ಕಿದ್ದು.

ಮೂರು ಲಕ್ಷ ಸಾಲ ತಂದು ಒಂದು ತಿಂಗಳು ಖಾತೇಲಿ ಇಡು ಅಂತ ಒಬ್ರು ಹೇಳಿದ್ರು. ಆ ಮಾತು ಕೇಳಬ್ಯಾಡಿ. ದಿಢೀರ್ ಅಂತ ಬಂದ ದುಡ್ಡು ಎಲ್ಲಿಂದ ಬಂತು ಅಂತ ಅವರು ನೋಡೇ ನೋಡ್ತಾರ. ಸುಳ್ಳು ಕಾಗದ ಕೊಟ್ಟು ಸಿಕ್ಕಾಕ್ಕಂಡ್ರ 10 ವರ್ಷ ಆ ದೇಶದ ಬಾಗಿಲು ಮುಚ್ಚಬೋದು. ನಾವು ಇದ್ದದ್ದ ಇದ್ದಂಗೇ ಬರೆದ್ವಿ, ಖರ್ಚು ಕೊಡೋ ತಮ್ಮನ ಪತ್ರ ಇಟ್ವಿ.

ನಾ ಹೇಳದು ಬರೀ ವೀಸಾಕ್ಕಲ್ಲ ಕನ್ರವ್ವ. ನೀವು ದುಡಿಯೋದ್ರಲ್ಲಿ ಒಂದಾದ್ರೂ ನಿಮ್ಮ ಹೆಸರಲ್ಲಿರಲಿ. ಹೆಣ್ಣುಮಕ್ಕಳಿಗೂ ಸಮಪಾಲು ಅಂತ 2005ರಲ್ಲೇ ದೇಶಕ್ಕೆಲ್ಲ ಕಾನೂನಾಗದ. ತವರಲ್ಲಿ ಕಾಫಿ ಕುಡಿಯೋ ಹೊತ್ತಲ್ಲಿ ಪೆನ್ನು ಕೊಟ್ರ, ಮನೆಗ ಹೋಗಿ ಓದ್ಕಂಡು ಬತ್ತೀನಿ ಅನ್ನಿ. ಹೆಸರು ಹೆಸರು ಅಂತ ಮನೆ ಒಡೀಬ್ಯಾಡ ಅಂತ ನಮ್ಮ ದೊಡ್ಡಮ್ಮ ಬೈದ್ರು. ಹಾಲು ಕರಿಯೋಳ ಹೆಸರಿಗ ಡೈರಿ ಪುಸ್ತಕ ಬಂದ್ರ ಯಾವ ಮನೆ ಒಡೆದೋಯ್ತದ? ಇವರ ಕೇಳ್ದೆ. ಎರಡು ದಿನ ಮಾತಾಡ್ಲಿಲ್ಲ, ಮೂರನೇ ದಿನ ಅವರೇ ಹೋಗಿ ಬದಲಾಯಿಸಿ ಬಂದ್ರು. ಈ ಅರ್ಜಿಗ ಅದು ಉಪಯೋಗಕ್ಕ ಬರಲ್ಲ, ತೀರ ಹೊಸದು.

ಸೋಮವಾರ ಬೆಂಗಳೂರಲ್ಲಿ ಬೆರಳಚ್ಚು ಕೊಡಬೇಕು. ಪಾತ್ರೆ ತಿಕ್ಕಿ ತಿಕ್ಕಿ ನನ್ನ ಹೆಬ್ಬೆಟ್ಟು ರೇಷನ್ ಅಂಗಡಿ ಮಿಷಿನ್ನಿಗೇ ಹಿಡಿಯಲ್ಲ. ವಾರದಿಂದ ರಾತ್ರಿ ಕೊಬ್ಬರಿ ಎಣ್ಣೆ ಹಚ್ಕಂಡು ಮಲಗ್ತಾ ಇವ್ನಿ.