ಸೊನ್ನೆಯ ಮುಂದಿನ ಅಂಕಿ

ಪ್ರಾಸ್ಟೇಟ್ ಗ್ರಂಥಿ ತೆಗೆಸಿಕೊಂಡ ಮೇಲೆ ಮೂರು ತಿಂಗಳಿಗೊಮ್ಮೆ ಮುಂಬ್ರಾದಿಂದ ಸ್ಲೋ ಲೋಕಲ್ ಹಿಡಿದು ಪಿಎಸ್‌ಎ ರಕ್ತಪರೀಕ್ಷೆಗೆ ಹೋಗುತ್ತೇನೆ. ಗ್ರಂಥಿಯೇ ಇಲ್ಲದಿದ್ದರೆ ಅಂಕಿ ಹೆಚ್ಚುಕಡಿಮೆ ಸೊನ್ನೆಯಲ್ಲೇ ಇರಬೇಕು. ಎರಡು ಸಲ 0.2 ಮುಟ್ಟಿದರೆ ರೋಗ ಮರುಕಳಿಸಿತೆಂದು ಲೆಕ್ಕ. ನನ್ನದು ಕಳೆದ ಸಲ 0.08. ಮನೆಯಲ್ಲಿ ಯಾರೂ ಅಂದು ಸರಿಯಾಗಿ ಊಟ ಮಾಡಲಿಲ್ಲ.

ಡಾಕ್ಟರ್ ಸಮಾಧಾನವಾಗಿ ತಿಳಿಸಿದರು: ಮರುಕಳಿಸಿದ್ದೆಲ್ಲ ಒಂದೇ ಥರವಲ್ಲ. ಕೆಲವರಲ್ಲಿ ವರ್ಷಗಟ್ಟಲೆ ಸುಮ್ಮನಿರುತ್ತದೆ, ಕೆಲವರಲ್ಲಿ ಮೂಳೆಗೆ ಹಬ್ಬುತ್ತದೆ. ಇದನ್ನು ಅಂದಾಜು ಮಾಡಲು ಆಣ್ವಿಕ ಸೂಚಕಗಳಿವೆ. ‘ಡಿಸೈಫರ್’ ಎಂಬ ಪರೀಕ್ಷೆ ಆಪರೇಷನ್ನಿನಲ್ಲಿ ತೆಗೆದ ಗಡ್ಡೆಯಲ್ಲಿ 22 ಜೀನ್ ಸೂಚಕಗಳ ಚಟುವಟಿಕೆ ಅಳೆದು 0ರಿಂದ 1ರವರೆಗೆ ಅಂಕ ಕೊಡುತ್ತದೆ. 0.6 ದಾಟಿದರೆ ಹಬ್ಬುವ ಅಪಾಯ ಹೆಚ್ಚು. ರೇಡಿಯೇಶನ್ ಈಗಲೇ ಬೇಕೇ, ಕಾಯಬಹುದೇ ಎಂಬ ನಿರ್ಧಾರಕ್ಕೆ ಅದು ನೆರವು, ಜಾತಕವಲ್ಲ. ದುಬಾರಿ ಪರೀಕ್ಷೆ, ಎಲ್ಲರಿಗೂ ಬೇಕಾಗುವುದೂ ಇಲ್ಲ.

ನನಗೆ ಸದ್ಯ ಕಾಯಲು ಹೇಳಿದ್ದಾರೆ. ಬೇಕಾದರೆ ನನ್ನ ಗಡ್ಡೆಯ ತುಣುಕು ಆಸ್ಪತ್ರೆಯ ಮೇಣದ ಬ್ಲಾಕಿನಲ್ಲಿ ಭದ್ರವಾಗಿದೆ.

ನಿವೃತ್ತರಾಗಿ ಊರಿಗೆ ಮರಳುವ ಗೆಳೆಯರೇ, ಪೆಥಾಲಜಿ ರಿಪೋರ್ಟ್ ಜೊತೆಗೊಯ್ಯಿರಿ, ಬ್ಲಾಕ್ ಎಲ್ಲಿದೆ, ಎಷ್ಟು ವರ್ಷ ಇಡುತ್ತಾರೆ ಎಂದು ಕೇಳಿಕೊಳ್ಳಿ. ಪಿಎಸ್‌ಎ ಮಾತ್ರ ತಪ್ಪಿಸಬೇಡಿ.