ಬೀಗ ಹೊರಗಿನವರಿಗೆ, ಒಳಗಿನವರಿಗಲ್ಲ

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಸೀಮೆಯಲ್ಲಿ ಊರು ಬಿಟ್ಟು ಹೋಗುವವರು ಬೀಗದ ಕೈಯನ್ನು ನೆರೆಮನೆಯಲ್ಲಿ ಕೊಟ್ಟು ಹೋಗುವುದು ಹಳೆಯ ರೂಢಿ. ಮಳೆ ಕೈಕೊಟ್ಟ ವರ್ಷ ಗುಳೆ ಹೊರಟವರೂ ಹಾಗೆಯೇ ಮಾಡುತ್ತಿದ್ದರು. ಈಗ ಮಕ್ಕಳು ಬೆಂಗಳೂರು ಸೇರಿ, ವೃದ್ಧ ತಂದೆತಾಯಿಗಳಷ್ಟೇ ಉಳಿದಿರುವ ಮನೆಗಳ ತಲಬಾಗಿಲಿಗೆ ಅಂಕಿ ಒತ್ತಿ ತೆರೆಯುವ ವಿದ್ಯುತ್ ಬೀಗ ಬರತೊಡಗಿದೆ. ಕೊಟ್ಟೂರೇಶ್ವರನ ತೇರಿಗೆ ಬರುವ ನೆಂಟರಿಗೆ ಸಂಖ್ಯೆ ತಿಳಿಸಿ, ತೇರು ಮುಗಿದ ಮೇಲೆ ಅದನ್ನು ಬದಲಿಸಬಹುದು. ಈ ಅನುಕೂಲವನ್ನು ಅಲ್ಲಗಳೆಯಲಾಗದು.

ಆದರೆ ಕೊಟ್ಟೂರಿನ ನನ್ನ ಅಕ್ಕನ ಅನುಭವ ಬೇರೆಯೇ ಪಾಠ ಕಲಿಸಿತು. ಒಂದು ಬೇಸಿಗೆಯ ಮಧ್ಯಾಹ್ನ ವಿದ್ಯುತ್ ಹೋಯಿತು; ಬೀಗದ ಬ್ಯಾಟರಿ ಸತ್ತಿತ್ತು. ಒಳಗಿನಿಂದ ತೆರೆಯುವ ಗುಂಡಿಯನ್ನೂ ಅದೇ ತಂತಿಗೆ ಜೋಡಿಸಿದ್ದರಿಂದ ಎಪ್ಪತ್ತು ದಾಟಿದ ಆಕೆ ತನ್ನ ಮನೆಯಲ್ಲೇ ಬಂದಿಯಾದಳು. ವಿದ್ಯುತ್ ಮರಳುವವರೆಗೆ ನೆರೆಯವರು ಕಿಟಕಿಯಿಂದ ನೀರು ಕೊಟ್ಟು ಧೈರ್ಯ ಹೇಳುತ್ತಿದ್ದರು.

ಇಂಥ ಬೀಗಗಳಲ್ಲಿ ಎರಡು ಬಗೆ. ಅಯಸ್ಕಾಂತದ ಬೀಗಕ್ಕೆ ವಿದ್ಯುತ್ ತಪ್ಪಿದರೆ ಬಾಗಿಲು ತೆರೆದುಕೊಳ್ಳುತ್ತದೆ. ಇನ್ನೊಂದು ಬಗೆಯದು ವಿದ್ಯುತ್ ಹರಿದಾಗ ಮಾತ್ರ ತೆರೆದು, ತಪ್ಪಿದಾಗ ಮುಚ್ಚಿಯೇ ಇರುತ್ತದೆ. ಮೊದಲನೆಯದು ಕಳ್ಳನಿಗೆ ಅನುಕೂಲ. ಎರಡನೆಯದು, ಒಳಗೆ ಕೈಯಿಂದ ತಿರುಗಿಸುವ ಹಿಡಿ ಇಲ್ಲದಿದ್ದರೆ, ಮನೆಯವರಿಗೇ ಅಪಾಯ. ಆದ್ದರಿಂದ ಮನೆಗೆ ಎರಡನೆಯ ಬಗೆಯ ಬೀಗವೂ ಒಳಗೊಂದು ಯಾಂತ್ರಿಕ ಹಿಡಿಯೂ ಇರಬೇಕು. ಆ ಹಿಡಿಗೆ ವಿದ್ಯುತ್ತಿನ ಹಂಗು ಕೂಡದು.

ತಂತಿ ಎಳೆಯುವಾಗ ಇನ್ನೊಂದು ಎಚ್ಚರ ಅಗತ್ಯ. ಬೀಗಕ್ಕೆ ವಿದ್ಯುತ್ ಹರಿಸುವ ರಿಲೇ ಹೊರಗಿನ ಅಂಕಿಫಲಕದೊಳಗೇ ಇದ್ದರೆ, ಫಲಕ ಕಿತ್ತು ಎರಡು ತಂತಿ ಕೂಡಿಸಿದವನಿಗೆ ಸಂಖ್ಯೆಯೇ ಬೇಡ. ರಿಲೇ ಮನೆಯೊಳಗಿರಲಿ. ಕಾರ್ಖಾನೆಯ ಸಂಖ್ಯೆಯನ್ನು ಮೊದಲ ದಿನವೇ ಬದಲಿಸಬೇಕು. ಆಮೇಲೂ ಆಗಾಗ ಬದಲಿಸುತ್ತಿರಬೇಕು. ನಾಲ್ಕಂಕಿಯ ಸಂಖ್ಯೆಗಳು 10,000 ಇರಬಹುದು. ಆದರೆ ಒತ್ತಿ ಒತ್ತಿ ನಾಲ್ಕೇ ಗುಂಡಿಗಳು ಸವೆದಿದ್ದರೆ ಕಳ್ಳನ ಮುಂದೆ ಉಳಿಯುವುದು 24 ಮಾತ್ರ.

ಇದು ಮನೆಗಳಿಗಷ್ಟೇ ಸೀಮಿತವಾದ ಪ್ರಶ್ನೆಯಲ್ಲ. ವಸತಿಗೃಹ, ವಿದ್ಯಾರ್ಥಿನಿಲಯ, ಆಸ್ಪತ್ರೆಗಳಲ್ಲಿ ಬೆಂಕಿ ಬಿದ್ದಾಗ ಬೀಗವೇ ಪ್ರಾಣ ತೆಗೆಯಬಲ್ಲದು. ನಿರ್ಗಮನ ದ್ವಾರವನ್ನು ಒಳಗಿನಿಂದ ಕೀಲಿಯಿಲ್ಲದೆ ತೆರೆಯುವಂತಿರಬೇಕೆಂದು 2016ರ ರಾಷ್ಟ್ರೀಯ ಕಟ್ಟಡ ಸಂಹಿತೆ ಹೇಳಿದೆ. ಅದನ್ನು ಜಾರಿಗೆ ತರುವ ಹೊಣೆ ಸ್ಥಳೀಯ ಸಂಸ್ಥೆಗಳದು. ಆಡಳಿತದಲ್ಲಿ ದಶಕಗಳನ್ನು ಕಳೆದವನಾಗಿ ಬಲ್ಲೆ, ಕಡತದಲ್ಲಿ ನಕ್ಷೆ ನೋಡುವ ನಾವು ಬಾಗಿಲನ್ನು ತೆರೆದು ನೋಡುವುದಿಲ್ಲ. ಪರವಾನಗಿ ನೀಡುವ ಮುನ್ನ ಅಧಿಕಾರಿ ಮುಖ್ಯ ಸ್ವಿಚ್ ಆರಿಸಿ, ಒಳಗಿನಿಂದ ಬಾಗಿಲು ತೆಗೆದು ನೋಡಲಿ. ಅದಕ್ಕೆ ಹಣವೂ ಬೇಡ, ಹೊಸ ಕಾಯ್ದೆಯೂ ಬೇಡ.

ಅಕ್ಕನ ಮನೆಗೆ ಈಗ ಹಿಡಿ ಬಂದಿದೆ. ಅದರ ಖರ್ಚು ಬೀಗದ ಬೆಲೆಯ ಮುಂದೆ ತೀರ ಅಲ್ಪ. ಊರಿನಲ್ಲಿ ಹಿರಿಯರನ್ನು ಬಿಟ್ಟಿರುವ ಮಕ್ಕಳು ಮುಂದಿನ ಸಲ ಹೋದಾಗ ಒಮ್ಮೆ ಮೇನ್ ಆರಿಸಿ, ಬಾಗಿಲನ್ನು ಅವರ ಕೈಯಿಂದಲೇ ತೆಗೆಸಿ ನೋಡಬೇಕು.