ಪಂಜರದೊಳಗಿನ ಕುಡಿಕೆಯೂ ನಮ್ಮ ಪುಣ್ಯವೂ

ರಾಜ್ಯೋತ್ಸವದ ವರದಿ, ಹೊಸ ಸದಸ್ಯರ ಪರಿಚಯ, ನಾಟಕದ ಪ್ರಕಟಣೆ ಇರಬೇಕಾದ ಪುಟದಲ್ಲಿ ಹಕ್ಕಿಯ ಮೊಟ್ಟೆಯ ಪುರಾಣವೇ ಎಂದು ಕೆಲವು ಹಿರಿಯರು ಹುಬ್ಬೇರಿಸಿಯಾರು. ಕ್ಷಮಿಸಬೇಕು. ಪರ್ಣಶ್ರೀಯಿಂದ ಸಖೇರ್ ಬಜಾರಿನವರೆಗೆ ನಾವು ಹೋಗಿಬರುವ ಕನ್ನಡ ಮನೆಗಳಲ್ಲಿ ಬಾಲ್ಕನಿಯ ಕಬ್ಬಿಣದ ಜಾಲರಿಗೆ ತೂಗುಹಾಕಿದ ಪಂಜರ ಈಗ ತುಳಸಿಯ ಕುಂಡದಷ್ಟೇ ಸಾಮಾನ್ಯವಾಗಿದೆ. ಆ ಪಂಜರದಲ್ಲಿ ನಡೆಯುತ್ತಿರುವುದನ್ನು ಕಂಡೂ ಸುಮ್ಮನಿರುವುದು ನಮಗೆ ಸಾಧ್ಯವಾಗಲಿಲ್ಲ.

ಮೊನ್ನೆಯ ಕೂಟದಲ್ಲಿ ಊಟ ಮುಗಿದ ಮೇಲೆ ಸದಸ್ಯರೊಬ್ಬರು ಚಪ್ಪಲಿಯ ಡಬ್ಬಿಗಳಿಗೆ ತೂತು ಕೊರೆದು, ಒಂದೊಂದರಲ್ಲಿ ಎರಡೆರಡು ಮರಿಹಕ್ಕಿ ಇಟ್ಟು ಮಕ್ಕಳಿಗೆ ಹಂಚಿದರು. ಮಕ್ಕಳು ಕುಣಿದರು, ದೊಡ್ಡವರು ಚಪ್ಪಾಳೆ ತಟ್ಟಿದರು. "ಇಷ್ಟು ಮರಿ ಎಲ್ಲಿಂದ ಬಂತು ಸ್ವಾಮಿ?" ಎಂದು ನಾವು ಕೇಳಿದ್ದಕ್ಕೆ, "ದೇವರು ಕೊಡ್ತಾನೆ, ನಾವು ಹಂಚ್ತೀವಿ. ಮೊಟ್ಟೆ ತೆಗೆದು ಬಿಸಾಡೋ ಪಾಪ ನಮಗೆ ಬೇಡಪ್ಪ" ಎಂದರು. ಪಕ್ಕದಲ್ಲಿದ್ದ ಅಜ್ಜಿಯೊಬ್ಬರು "ಹೌದಪ್ಪಾ, ಭ್ರೂಣಹತ್ಯೆ ಮಹಾಪಾಪ" ಎಂದು ತಲೆದೂಗಿದರು. ದೇವರ ಮೇಲೆ ಹೊರಿಸಿದ ಈ ಮಾತಿಗೆ ಉತ್ತರ ಹೇಳುವುದೇ ಈ ಬರಹದ ಉದ್ದೇಶ.

ಇತರರ ತಪ್ಪು ಹೇಳುವ ಮುನ್ನ ನಮ್ಮದನ್ನು ಒಪ್ಪಿಕೊಳ್ಳುತ್ತೇವೆ. ಕೆಲವು ವರ್ಷಗಳ ಹಿಂದೆ ಮಗಳ ಹಟಕ್ಕೆ ಸೋತು ನಾವೂ ಒಂದು ಜೋಡಿ ತಂದೆವು. ಮಾರಿದವನು ಅಂಗೈಯಗಲದ ಬಾಯಿಯ ಮಣ್ಣಿನ ಕುಡಿಕೆಯೊಂದನ್ನೂ ಕೊಟ್ಟು, "ಹಾಂಡಿ ಕಟ್ಟಿ ದಾದಾ, ಇಲ್ಲದಿದ್ದರೆ ಹಕ್ಕಿಗೆ ಬೇಸರವಾಗುತ್ತದೆ" ಎಂದ. ಕಟ್ಟಿದೆವು. ಹದಿನೈದು ತಿಂಗಳಲ್ಲಿ ೨ ಹಕ್ಕಿ ೧೪ ಆದವು. ಹೆಣ್ಣು ಮೂರು ಬಾರಿ ಮರಿ ಎಬ್ಬಿಸಿತು. ಹಿಂದಿನ ಮರಿಗಳು ಕುಡಿಕೆಯಿಂದ ಪೂರ್ತಿ ಹೊರಬೀಳುವ ಮೊದಲೇ ಮುಂದಿನ ಮೊಟ್ಟೆ. ನಾವು ನೆಂಟರಿಗೆಲ್ಲ ಫೋನು ಮಾಡಿ ಹೆಮ್ಮೆಯಿಂದ ಹೇಳಿಕೊಂಡೆವು. ನಾಲ್ಕನೆಯ ಬಾರಿ ಒಂದು ಸಂಜೆ ಆ ಹೆಣ್ಣು ಪಂಜರದ ತಳದಲ್ಲಿ ಗರಿ ಕೆದರಿಕೊಂಡು ಕೂತಿತ್ತು. ಉಸಿರಿಗೊಮ್ಮೆ ಬಾಲ ಮೇಲೆ ಕೆಳಗೆ ಆಡುತ್ತಿತ್ತು. ಛಳಿ ಇರಬೇಕೆಂದು ಬಟ್ಟೆ ಹೊದಿಸಿದೆವು. ಬೆಳಗಾದ ಮೇಲೆ ನಗರದ ಆ ತುದಿಯ ಬೆಲ್ಗಾಛಿಯಾದ ಪಶುವೈದ್ಯ ಕಾಲೇಜಿಗೆ ಕರೆದೊಯ್ಯುವುದೆಂದು ಮಾತಾಡಿಕೊಂಡು ಮಲಗಿದೆವು. ಬೆಳಗಾಗುವಷ್ಟರಲ್ಲಿ ಅದು ಸತ್ತಿತ್ತು. ಮೊಟ್ಟೆ ಹೊಟ್ಟೆಯಲ್ಲೇ ಸಿಕ್ಕಿಕೊಂಡಿತ್ತು. ಮಗಳು ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ. ಆ ಮೇಲೆ ಓದಿ, ಬಲ್ಲವರನ್ನು ಕೇಳಿ ತಿಳಿದುಕೊಂಡದ್ದನ್ನೇ ಇಲ್ಲಿ ಬರೆಯುತ್ತಿದ್ದೇವೆ.

ಮೊದಲು ಈ ಹಕ್ಕಿ ಯಾವುದೆಂಬುದನ್ನು ನೋಡೋಣ. ನಾವು 'ಲವ್ ಬರ್ಡ್ಸ್' ಎಂದೂ ಬಂಗಾಳಿಗಳು 'ಬದ್ರಿ' ಎಂದೂ ಕರೆಯುವ ಇದರ ನಿಜವಾದ ಹೆಸರು ಬಡ್ಜರಿಗಾರ್. ಲವ್ ಬರ್ಡ್ ಎಂಬುದು ಆಫ್ರಿಕದ ಬೇರೆಯೇ ಹಕ್ಕಿ. ಬಡ್ಜಿ ಆಸ್ಟ್ರೇಲಿಯದ ಒಳನಾಡಿನ ಒಣ ಬಯಲಿನದು. ೧೮೪೦ರಲ್ಲಿ ಜಾನ್ ಗೂಲ್ಡ್ ಎಂಬ ಪಕ್ಷಿಶಾಸ್ತ್ರಜ್ಞ ಜೀವಂತ ಹಕ್ಕಿಗಳನ್ನು ಇಂಗ್ಲೆಂಡಿಗೆ ಕೊಂಡೊಯ್ದ ಮೇಲೆ ಪ್ರಪಂಚದ ಪಂಜರಗಳಿಗೆಲ್ಲ ಹರಡಿತು. ನಮ್ಮ ಅಜ್ಜಂದಿರ ಜಗಲಿಯಲ್ಲಿ ರಾಮ ರಾಮ ಎನ್ನುತ್ತಿದ್ದ ಹಸಿರು ಗಿಳಿಯನ್ನು ಈಗ ಸಾಕುವಂತಿಲ್ಲ. ೧೯೭೨ರ ವನ್ಯಜೀವಿ ಸಂರಕ್ಷಣಾ ಕಾಯಿದೆಗೆ ೧೯೯೧ರಲ್ಲಿ ಆದ ತಿದ್ದುಪಡಿಯ ನಂತರ ದೇಶದ ಕಾಡುಹಕ್ಕಿಗಳನ್ನು ಹಿಡಿದು ಮಾರುವುದು ಕಾನೂನುಬಾಹಿರವಾಗಿದೆ. ಆ ಖಾಲಿ ಜಾಗಕ್ಕೆ ಬಂದದ್ದು ಈ ಪರದೇಶಿ.

ಈ ಹಕ್ಕಿಗೆ ತನ್ನ ನಾಡಿನಲ್ಲಿ ಸಂತಾನದ ಋತು ಎಂದು ಪಂಚಾಂಗದಲ್ಲಿ ಗುರುತಿಟ್ಟದ್ದಿಲ್ಲ. ಮಳೆ ಬಂದು, ಹುಲ್ಲು ಕಾಳುಕಟ್ಟಿ, ಮರದಲ್ಲಿ ಪೊಟರೆ ಸಿಕ್ಕಿದಾಗ ಅದು ಮೊಟ್ಟೆಯಿಡುತ್ತದೆ. ಕಾಳು ಮುಗಿದರೆ ನಿಲ್ಲಿಸಿ ಬೇರೆಡೆ ಹಾರಿಹೋಗುತ್ತದೆ. ಬರಗಾಲವೇ ಅದರ ವಿಶ್ರಾಂತಿ. ಈಗ ಬೆಹಾಲಾದ ನಮ್ಮ ಬಾಲ್ಕನಿಯನ್ನು ನೋಡಿ. ನವಣೆಯ ಬಟ್ಟಲು ಎಂದೂ ಬರಿದಾಗುವುದಿಲ್ಲ. ಅದರ ಮೇಲೆ ಕೋಸಂಬರಿಗೆ ನೆನೆಸಿದ ಹೆಸರುಕಾಳು, ಮೊಳಕೆ, ಎಳೆ ಮುಸುಕಿನ ಜೋಳದ ಉಪಚಾರ. ಧಾರಾವಾಹಿ ಮುಗಿದು ರಾತ್ರಿ ಹನ್ನೊಂದಾಗುವವರೆಗೆ ಟ್ಯೂಬ್ ಲೈಟು. ದುರ್ಗಾಪೂಜೆಯ ದಿನಗಳಲ್ಲಂತೂ ಎದುರಿನ ಪೆಂಡಾಲಿನ ದೀಪ ಬೆಳಗಿನ ಜಾವದವರೆಗೆ. ವರ್ಷ ಪೂರ್ತಿ ಕುಡಿಕೆ ತೂಗುತ್ತಿರುತ್ತದೆ. ಆಹಾರ, ಬೆಳಕು, ಪೊಟರೆ ಮೂರೂ ಸೇರಿ ಆ ಹಕ್ಕಿಗೆ ಒಂದೇ ಮಾತು ಹೇಳುತ್ತವೆ: "ಈಗಲೇ ಸುಭಿಕ್ಷ, ಮೊಟ್ಟೆಯಿಡು." ಹೇಳುತ್ತಿರುವವರು ನಾವು, ದೇವರಲ್ಲ. ಕುಡಿಕೆ ಕಟ್ಟಿದ ಕೈಯೇ ಮರಿಯನ್ನು ತಂದದ್ದು. ಕಟ್ಟುವಾಗ ನಮ್ಮ ಕೈ, ಮರಿಯಾದಾಗ ದೇವರ ಕೈ ಎಂಬುದು ಯಾವ ಧರ್ಮಶಾಸ್ತ್ರ?

ಅದರ ಬೆಲೆ ತೆರುವುದು ತಾಯಿಹಕ್ಕಿ. ಅದರ ತೂಕ ಸುಮಾರು ೩೫ ಗ್ರಾಂ, ಒಂದು ಮೊಟ್ಟೆಯದು ಸುಮಾರು ೨ ಗ್ರಾಂ. ದಿನ ಬಿಟ್ಟು ದಿನದಂತೆ ಸಾಮಾನ್ಯವಾಗಿ ನಾಲ್ಕರಿಂದ ಆರು ಮೊಟ್ಟೆ. ಎಂದರೆ ಹದಿನೈದು ದಿನದೊಳಗೆ ತನ್ನ ತೂಕದ ಕಾಲುಭಾಗದಿಂದ ಮೂರನೆಯ ಒಂದು ಭಾಗದಷ್ಟನ್ನು ಮೈಯಿಂದ ತೆಗೆದಿಡುತ್ತದೆ. ಚಿಪ್ಪಿಗೆ ಬೇಕಾದ ಸುಣ್ಣದ ಅಂಶ ಬರಿಯ ನವಣೆಯಲ್ಲಿ ಸಾಲದು. ಆಗ ಮೂಳೆಯಿಂದ ಕರಗಿಸಿ ಕೊಡುತ್ತದೆ. ಅಲ್ಲಿಯೂ ಮುಗಿದರೆ ಮೊಟ್ಟೆಯನ್ನು ಹೊರನೂಕುವ ಸ್ನಾಯುವಿಗೆ ಶಕ್ತಿಯಿಲ್ಲದೆ ಅದು ಒಳಗೇ ನಿಲ್ಲುತ್ತದೆ. ನಮ್ಮ ಮನೆಯ ಹಕ್ಕಿಗೆ ಆದದ್ದು ಅದೇ. ಗಂಡೇ ಇಲ್ಲದ ಒಂಟಿ ಹೆಣ್ಣೂ ಮೊಟ್ಟೆಯಿಟ್ಟು ಹೀಗೆ ಸಾಯಬಹುದು. "ನಮ್ಮದು ಒಂದೇ ಹಕ್ಕಿ, ನಮಗೇನು ಭಯ?" ಎನ್ನುವವರು ಇದನ್ನು ಗಮನಿಸಬೇಕು.

ಹಾಗಾದರೆ ಮಾಡಬೇಕಾದದ್ದೇನು? ಬಹಳ ಸುಲಭ, ಖರ್ಚೂ ಇಲ್ಲ.

ಮೊದಲನೆಯದು, ಕುಡಿಕೆ ತೆಗೆಯಿರಿ. ಪೆಟ್ಟಿಗೆ, ತೆಂಗಿನ ಚಿಪ್ಪು, ಹೊಕ್ಕು ಕೂರಬಹುದಾದ ಯಾವ ಮೂಲೆಯೂ ಬೇಡ. ಕುಡಿಕೆಯಿಲ್ಲದಿದ್ದರೆ ಹಕ್ಕಿ ಬೇಸರಪಡುತ್ತದೆಂಬುದು ಮಾರುವವನ ಮಾತು. ಅದು ಮಲಗುವುದು ಕಡ್ಡಿಯ ಮೇಲೆ, ಕುಡಿಕೆಯಲ್ಲಲ್ಲ. ಒಳಗೆ ಆಗಲೇ ಮರಿಗಳಿದ್ದರೆ ಮಾತ್ರ ಅವು ತಾವಾಗಿ ಹೊರಬಂದು ಸ್ವಂತ ಕಾಳು ಬಿಡಿಸಿ ತಿನ್ನುವವರೆಗೆ ಕಾಯಿರಿ.

ಎರಡನೆಯದು, ಸಂಜೆಯಾದೊಡನೆ ಪಂಜರವನ್ನು ದೀಪವಿಲ್ಲದ ಕೋಣೆಗೆ ಸಾಗಿಸಿ, ತೆಳುವಾದ ಹತ್ತಿಬಟ್ಟೆ ಹೊದಿಸಿ. ಹನ್ನೆರಡರಿಂದ ಹದಿನಾಲ್ಕು ಗಂಟೆ ಕತ್ತಲೂ ಮೌನವೂ ಸಿಕ್ಕರೆ ದಿನ ಚಿಕ್ಕದಾಯಿತೆಂದು ಮೈ ತಿಳಿದುಕೊಳ್ಳುತ್ತದೆ. ಪೂಜೆಯ ನಾಲ್ಕು ದಿನ ಇದನ್ನು ಮರೆಯಲೇಬಾರದು.

ಮೂರನೆಯದು, ಉಪಚಾರ ಕಡಿಮೆ ಮಾಡಿ. ಕಾಳು ಅಳತೆಯಲ್ಲಿರಲಿ, ಸೊಪ್ಪು ಇರಲಿ. ನೆನೆಸಿದ ಕಾಳು, ಮೊಳಕೆ, ಜೋಳ ಸದ್ಯಕ್ಕೆ ನಿಲ್ಲಲಿ. ಆದರೆ ಸುಣ್ಣದ ಅಂಶ ನಿಲ್ಲಬಾರದು. ಇಲ್ಲಿಯ ಅಂಗಡಿಗಳಲ್ಲಿ 'ಸಮುದ್ರ ಫೇನ' ಎಂದು ಮಾರುವ ಕಟಲ್ ಮೀನಿನ ಎಲುಬನ್ನು ಪಂಜರಕ್ಕೆ ಸದಾ ಸಿಕ್ಕಿಸಿರಿ. ಬೆಳಗಿನ ಎಳೆಬಿಸಿಲು ಗಾಜಿನ ಅಡ್ಡವಿಲ್ಲದೆ ಸ್ವಲ್ಪ ಹೊತ್ತು ಬೀಳಲಿ, ನೆರಳಿಗೂ ಎಡೆಯಿರಲಿ. ಕನ್ನಡಿ ತೆಗೆಯಿರಿ. ಕೈಗೆ ಬರುವ ಹಕ್ಕಿಯಾದರೆ ತಲೆ ಸವರಿ ಸಾಕು, ಬೆನ್ನು ಸವರಬೇಡಿ. ಅದನ್ನು ಹಕ್ಕಿ ಬೇರೆ ರೀತಿಯಲ್ಲಿ ತಿಳಿಯುತ್ತದೆ.

ನಾಲ್ಕನೆಯದು, ಗಂಡು ಹೆಣ್ಣುಗಳನ್ನು ಬೇರೆಯಿಡಿ. ಬೆಳೆದ ಗಂಡಿನ ಕೊಕ್ಕಿನ ಮೇಲಿನ ತೊಗಲು ಸಾಮಾನ್ಯವಾಗಿ ನೀಲಿ, ಮೊಟ್ಟೆಗೆ ಬಂದ ಹೆಣ್ಣಿನದು ಕಂದು. ಕೆಲವು ಬಣ್ಣದ ತಳಿಗಳಲ್ಲಿ ಈ ಗುರುತು ನಿಲ್ಲದು, ಬಲ್ಲವರನ್ನು ಕೇಳಿ. ಹೊಸದಾಗಿ ಸಾಕುವವರು ಎರಡು ಗಂಡು ತಂದರೆ ಅವು ಸ್ನೇಹದಿಂದ ಇರುತ್ತವೆ, ಮಾತನ್ನೂ ಕಲಿತಾವು. ಒಂದೇ ತಾಯಿಯ ಮರಿಗಳನ್ನು ಒಂದೇ ಪಂಜರದಲ್ಲಿ ಬಿಟ್ಟರೆ ಕೆಲವೇ ತಿಂಗಳಲ್ಲಿ ಅಣ್ಣತಂಗಿಯರೇ ಜೋಡಿಯಾಗುತ್ತಾರೆ. ಹಂಚಿದ ಆ ಚಪ್ಪಲಿ ಡಬ್ಬಿಗಳಲ್ಲಿ ಎಷ್ಟು ಜೋಡಿ ಹಾಗಿದ್ದವೋ!

ಇಷ್ಟಾದರೂ ಮೊಟ್ಟೆ ಬಂದರೆ? ಇಲ್ಲಿಯೇ ನಮ್ಮ ಸಸ್ಯಾಹಾರಿ ಮನೆಗಳ ಸಂಕಟ. ಪುಸ್ತಕಗಳು ಮೊಟ್ಟೆಯನ್ನು ಕುದಿಸಿ ಮತ್ತೆ ಗೂಡಿನಲ್ಲಿಡಿ ಎನ್ನುತ್ತವೆ. ಮಡಿಯ ಅಡುಗೆಮನೆಯಲ್ಲಿ ಮೊಟ್ಟೆ ಕುದಿಸುವ ಮಾತು ಎತ್ತಿದರೆ ಮನೆಯಲ್ಲಿ ಹಕ್ಕಿಯ ಜೊತೆ ನಾವೂ ಇರಲಾರೆವು! ಕುದಿಸಬೇಕಾಗಿಯೇ ಇಲ್ಲ. ಒಂಟಿ ಹೆಣ್ಣಿನ ಮೊಟ್ಟೆಯಲ್ಲಿ ಜೀವವೇ ಇಲ್ಲ. ಅದನ್ನು ಮುಟ್ಟದೆ ಬಿಡಿ. ಜೋಡಿಯಿದ್ದರೆ ಮೊಟ್ಟೆಯಿಟ್ಟ ದಿನವೇ ಅದನ್ನು ತೆಗೆದು ಸುಳ್ಳು ಮೊಟ್ಟೆ ಇಡಿ. ಕಾವು ಸಿಗದ ಮೊಟ್ಟೆಯಲ್ಲಿ ಮರಿ ರೂಪುಗೊಳ್ಳದು. ಅಜ್ಜಿ ಹೇಳಿದ ಭ್ರೂಣಹತ್ಯೆಯ ಮಾತು ಇಲ್ಲಿ ಹೊಂದುವುದಿಲ್ಲ. ಕಾವು ಸುಮಾರು ಹದಿನೆಂಟು ದಿನದ್ದು. ತಡಮಾಡಿ ಹದಿನೈದನೆಯ ದಿನ ಕೈಹಾಕುವುದು ಬೇರೆ ಮಾತು, ಅದನ್ನು ನಾವೂ ಒಪ್ಪೆವು.

ಸುಳ್ಳು ಮೊಟ್ಟೆ ಪ್ಲಾಸ್ಟಿಕ್ಕಿನದು ಸಿಗುತ್ತದೆ. ಗೋಲಿಗಿಂತ ತುಸು ಉದ್ದ, ಅಷ್ಟೆ. ಬರಿದೆ ತೆಗೆದು ಎಸೆದರೆ ಏನಾಗುತ್ತದೆಂಬುದು ಬಹಳ ಮಂದಿಗೆ ಗೊತ್ತಿಲ್ಲ: ಕಳೆದುಹೋದದ್ದನ್ನು ತುಂಬಲು ಹೆಣ್ಣು ಮತ್ತೆ ಮತ್ತೆ ಇಡುತ್ತದೆ. ತೆಗೆದವನು ಉಪಕಾರ ಮಾಡಿದೆನೆಂದುಕೊಳ್ಳುತ್ತಾನೆ, ಹಕ್ಕಿಯ ಮೂಳೆ ಸವೆಯುತ್ತದೆ. ಸುಳ್ಳು ಮೊಟ್ಟೆಯ ಮೇಲೆ ಮೂರು ವಾರ ಕೂತು ಬೇಸತ್ತು ಎದ್ದ ಮೇಲೆ ಎಲ್ಲವನ್ನೂ ತೆಗೆದು, ಪಂಜರದ ಜಾಗವನ್ನೂ ಕಡ್ಡಿಗಳನ್ನೂ ಬದಲಾಯಿಸಿ. ಆಗಲೂ ನಿಲ್ಲದಿದ್ದರೆ ಪಶುವೈದ್ಯರಲ್ಲಿ ಹಾರ್ಮೋನಿನ ಚಿಕಿತ್ಸೆಯುಂಟು. ಗರಿ ಕೆದರಿ ತಳದಲ್ಲಿ ಕೂತು ಮುಕ್ಕುವ ಹಕ್ಕಿಯನ್ನು ಕಂಡರೆ ಮಾತ್ರ ಬೆಚ್ಚಗಿಟ್ಟು ಆ ಗಳಿಗೆಯಲ್ಲೇ ವೈದ್ಯರಲ್ಲಿಗೆ ಓಡಿ. ಹೊಟ್ಟೆ ಅಮುಕಬೇಡಿ, ಹರಳೆಣ್ಣೆಯನ್ನು ನಂಬಿ ಕೂರಬೇಡಿ. ಬೆಳಗಾಗಲೆಂದು ಕಾದ ನಮ್ಮ ಗತಿ ಮೇಲೆ ಹೇಳಿದ್ದೇವೆ.

"ಹೆಚ್ಚಾದವನ್ನು ಆಕಾಶಕ್ಕೆ ಬಿಟ್ಟರಾಯಿತು, ಬಂಧಮುಕ್ತಿಯ ಪುಣ್ಯ" ಎನ್ನುವವರೂ ಇದ್ದಾರೆ. ಪಂಜರದಲ್ಲೇ ಹುಟ್ಟಿದ ಹಳದಿ, ನೀಲಿ ಹಕ್ಕಿಗೆ ಕಾಳು ಹುಡುಕಲು ಬಾರದು, ಅಡಗಲು ಬಾರದು. ಡೈಮಂಡ್ ಹಾರ್ಬರ್ ರಸ್ತೆಯ ಕಾಗೆಗಳು ಅದನ್ನು ಕ್ಷಣದಲ್ಲಿ ಪತ್ತೆಹಚ್ಚುತ್ತವೆ. ಇದು ಮುಕ್ತಿಯಲ್ಲ, ಕೊಲೆಯನ್ನು ಕಾಗೆಗೆ ಗುತ್ತಿಗೆ ಕೊಟ್ಟಂತೆ. ೧೯೬೦ರ ಪ್ರಾಣಿಹಿಂಸೆ ತಡೆ ಕಾಯಿದೆಯ ಹನ್ನೊಂದನೆಯ ವಿಧಿ ಸಾಕಿದ ಪ್ರಾಣಿಯನ್ನು ನಿರಾಧಾರವಾಗಿ ಬಿಡುವುದನ್ನೂ, ಮೈಯಾಡಿಸಲು ಜಾಗವಿಲ್ಲದ ಪಂಜರದಲ್ಲಿ ತುಂಬುವುದನ್ನೂ ಅಪರಾಧವೆಂದೇ ಹೇಳಿದೆ. ಗಾಲಿಫ್ ಸ್ಟ್ರೀಟಿನ ಭಾನುವಾರದ ಸಂತೆಗೆ ಹೋಗಿ ಅಲ್ಲಿ ತುಂಬಿಟ್ಟ ಬಡ್ಜಿಗಳನ್ನು ಒಮ್ಮೆ ನೋಡಿಬನ್ನಿ. ಈ ಊರಿನಲ್ಲಿ ಹಕ್ಕಿಗೆ ಬರವಿಲ್ಲ, ಮನೆಗೆ ಬರ.

ಹಾಗೆಂದು ಯಾರೂ ಎಂದೂ ಮರಿ ಮಾಡಿಸಬಾರದೆಂದು ನಾವು ಹೇಳುವುದಿಲ್ಲ. ವರ್ಷ ತುಂಬಿದ ಆರೋಗ್ಯದ ಜೋಡಿ, ವರ್ಷಕ್ಕೆ ಒಂದೆರಡು ಬಾರಿಗೆ ಮೀರದಂತೆ, ಪ್ರತಿ ಮರಿಗೂ ಮನೆ ಗೊತ್ತಾದ ಮೇಲೆ ಕುಡಿಕೆ ಕಟ್ಟಿದರೆ ಆಕ್ಷೇಪಣೆಯಿಲ್ಲ. ಮರಿಯನ್ನು ಮೊದಲು ಮಾಡಿಸಿ ಮನೆಯನ್ನು ಆಮೇಲೆ ಹುಡುಕುವುದಕ್ಕೆ, ಕೇಳದ ಮಗುವಿನ ಕೈಗೆ ಡಬ್ಬಿ ಕೊಟ್ಟು ಅದರ ತಾಯಿತಂದೆಯರನ್ನು ಇಕ್ಕಟ್ಟಿಗೆ ಸಿಕ್ಕಿಸುವುದಕ್ಕೆ ಮಾತ್ರ ನಮ್ಮ ವಿರೋಧ.

ಸಂಘದ ಕಾರ್ಯಕಾರಿ ಸಮಿತಿಯಲ್ಲಿ ನಮ್ಮದೊಂದು ವಿನಂತಿ: ನಮ್ಮ ಕೂಟಗಳಲ್ಲಿ ಜೀವವಿರುವ ಉಡುಗೊರೆ ಹಂಚುವುದನ್ನು ಇನ್ನು ನಿಲ್ಲಿಸಬೇಕು. ಡಬ್ಬಿ ಒಯ್ದ ಮನೆಯವರು ಸಂಕೋಚವಿಲ್ಲದೆ ನಮ್ಮನ್ನು ಕೇಳಬಹುದು. ಗಂಡು ಹೆಣ್ಣು ಬೇರ್ಪಡಿಸಲು ನಮ್ಮಲ್ಲಿ ಎರಡು ಹಳೆಯ ಪಂಜರಗಳಿವೆ, ಒಂದು ಡಜನ್ ಸುಳ್ಳು ಮೊಟ್ಟೆಗಳೂ ಇವೆ. ಮುಂದಿನ ಕೂಟಕ್ಕೆ ತರುತ್ತೇವೆ.